ಬೆಟ್ಟದ ಏರು, ಬಯಲಿನ ಗಾಳಿ

ಮೈಸೂರಿನಲ್ಲಿ ಸೈಕಲ್ ತುಳಿಯುವವರಿಗೆ ಎದುರಾಗುವ ಮೊದಲ ಪ್ರಶ್ನೆ, "ಬೆಟ್ಟ ಹತ್ತಿದ್ದೀರಾ?" ಯಾವ ಬೆಟ್ಟ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಹೂಂ ಅಂದರೆ ಒಂದು ಮರ್ಯಾದೆ. "ನಾನು ಮಂಡ್ಯ ಕಡೆ ಹೋಗ್ತೀನಿ" ಅಂದರೆ, "ಅದೇನ್ ಬಿಡಿ, ಫ್ಲಾಟ್ ರೋಡು" ಅಂತ ಮಾತು ಮುಗಿದುಹೋಗುತ್ತದೆ. ಈ ಎರಡನೇ ಮಾತು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಬಯಲಲ್ಲಿ ಎದುರುಗಾಳಿಗೆ ಒಂದು ಮಧ್ಯಾಹ್ನ ಪೂರ್ತಿ ತುಳಿದವರು ಹಾಗೆ ಹೇಳಲಾರರು.

ಅಕ್ಕನ ಮಗಳು ಕಾಲೇಜಿಗೆ ಸೇರಿದ್ದಾಳೆ. ಅವಳು ಸೈಕಲ್ ರೂಢಿ ಮಾಡಿಕೊಂಡದ್ದು 2017ರಲ್ಲಿ ಊರಿಗೆ ಬಂದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲುಗಳಲ್ಲಿ. ಈಗ ಗೇರ್ ಇರುವ ಸ್ವಂತ ಸೈಕಲ್ ಬಂದಿದೆ. ಕುಕ್ಕರಹಳ್ಳಿ ಕೆರೆ ಸುತ್ತಮುತ್ತ, ರಿಂಗ್ ರೋಡು ಎಲ್ಲ ಆಗಿದೆ, ಬೆಟ್ಟ ಮಾತ್ರ ಭಯ. "ನನ್ನ ಕೈಲಿ ಆಗಲ್ಲ ಚಿಕ್ಕಮ್ಮ" ಅಂತ ಅವಳು ಹೇಳಿದ ದಿನವೇ ನಾನು ಈ ಸುತ್ತಾಟ ಯೋಚಿಸಿದೆ. ಮೊದಲು ಚಾಮುಂಡಿ, ಆಮೇಲೆ ಮಂಡ್ಯದ ಬಯಲು, ಅಲ್ಲಿಂದ ಮೇಲುಕೋಟೆ, ಕೊನೆಗೆ ಗಾಳಿಗೆ ಎದುರಾಗಿ ಮನೆಗೆ. ಆಷಾಢವನ್ನು ಬೇಕೆಂದೇ ಆರಿಸಿಕೊಂಡೆ. ಪಶ್ಚಿಮದ ಗಾಳಿ ಜೋರಾಗಿ ಬೀಸುವ ಕಾಲ ಅದು. ಏರು ಎಂದರೇನು, ಸಮತಟ್ಟು ಎಂದರೇನು ಅಂತ ಅವಳ ಕಾಲಿಗೇ ಗೊತ್ತಾಗಬೇಕಿತ್ತು.

ಗುರುವಾರ: ಚಾಮುಂಡಿ ಬೆಟ್ಟ

ಆಷಾಢದ ಶುಕ್ರವಾರಗಳಲ್ಲಿ ಬೆಟ್ಟದ ತುಂಬ ಜನ. ಖಾಸಗಿ ವಾಹನ ಮೇಲೆ ಬಿಡುವುದಿಲ್ಲ, ಬಸ್ಸುಗಳು ಒಂದರ ಹಿಂದೆ ಒಂದು ಹತ್ತುತ್ತಿರುತ್ತವೆ. ಅದಕ್ಕೇ ಗುರುವಾರ ಕತ್ತಲಲ್ಲೇ ಹೊರಟೆವು. ಲಲಿತ ಮಹಲ್ ದಾಟಿ ಬೆಟ್ಟದ ಬುಡ ಸೇರುವ ಹೊತ್ತಿಗೆ ಬೆಳಕು ಹರಿಯುತ್ತಿತ್ತು.

ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಬೆಟ್ಟದ ತುದಿ 1,060ರ ಆಸುಪಾಸು. ಅಂದರೆ 300 ಮೀಟರ್ ಮೇಲಕ್ಕೆ ಹೋಗಬೇಕು. ಮೆಟ್ಟಿಲು ಹತ್ತುವವರೂ ಅಷ್ಟೇ ಏರುತ್ತಾರೆ, ಆದರೆ ಅದು ನೇರ ದಾರಿ. ರಸ್ತೆ ಅದೇ ಏರನ್ನು ಸುತ್ತಿ ಬಳಸಿ ಐದಾರು ಕಿಲೋಮೀಟರ್‌ಗೆ ಹಂಚುತ್ತದೆ. ನೂರು ಮೀಟರ್ ಮುಂದೆ ಹೋದರೆ ಹೆಚ್ಚುಕಡಿಮೆ ಐದು ಮೀಟರ್ ಮೇಲೆ. ಕೆಲವು ತಿರುವುಗಳಲ್ಲಿ ಅದಕ್ಕಿಂತ ಜಾಸ್ತಿ, ನಡುನಡುವೆ ಉಸಿರು ಬಿಡುವಷ್ಟು ಕಡಿಮೆ.

ಬುಡದಲ್ಲಿ ನಿಂತು ಗೇರ್ ನೋಡಿಕೊಂಡೆವು. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಬೆಟ್ಟದ ಭಯದಲ್ಲಿ ಅರ್ಧ ಭಾಗ ಗೇರ್ ಗೊತ್ತಿಲ್ಲದ್ದರಿಂದ ಬರುವಂಥದ್ದು. ಪೇಪರ್ ಹಾಕುವವರ, ಹಾಲಿನವರ ಹಳೇ ಸೈಕಲ್ ಇದೆಯಲ್ಲ, ಅದರಲ್ಲಿ ಚೈನು ಕೂರುವ ಪ್ಲೇಟುಗಳಿಗೆ ಮುಂದೆ, ಪೆಡಲ್ ಹತ್ತಿರ, 44 ಹಲ್ಲು, ಹಿಂದಿನ ಚಕ್ರದಲ್ಲಿ 18 ಹಲ್ಲು ಇರುವುದು ಮಾಮೂಲಿ. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಐದು ಮೀಟರ್‌ಗೂ ಮುಂದೆ ಹೋಗುತ್ತದೆ. ಬಯಲಿಗೆ ಅದು ಸರಿ. ಚಾಮುಂಡಿಯಲ್ಲಿ ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಹತ್ತಿದರೆ ನಿಮಿಷಕ್ಕೆ ಪೆಡಲ್ ತಿರುಗುವುದು ಬರೀ 25 ಸುತ್ತು. ಪ್ರತಿ ತುಳಿತಕ್ಕೂ ಮೈಭಾರವನ್ನೆಲ್ಲ ಹಾಕಬೇಕು, ಮಂಡಿ ನೋಯುತ್ತದೆ, ಕೊನೆಗೆ ಇಳಿದು ತಳ್ಳಬೇಕಾಗುತ್ತದೆ. ನನ್ನ ಸೈಕಲ್ಲಿನ ಅತಿ ಹಗುರದ ಗೇರಿನಲ್ಲಿ ಮುಂದೆ 28, ಹಿಂದೆ 34. ಒಂದು ಸುತ್ತಿಗೆ ಎರಡು ಮೀಟರ್ ಕೂಡ ಹೋಗುವುದಿಲ್ಲ. ಅದೇ 8 ಕಿಲೋಮೀಟರ್ ವೇಗಕ್ಕೆ ನಿಮಿಷಕ್ಕೆ 75 ಸುತ್ತು. ಕಾಲು ಬೇಗ ಬೇಗ ತಿರುಗುತ್ತದೆ, ಆದರೆ ಒಂದೊಂದು ತುಳಿತವೂ ಹಗುರ. ಅವಳ ಸೈಕಲ್ಲಿನಲ್ಲಿ ಮುಂದೆಯೂ 28, ಹಿಂದೆಯೂ 28. ಬೆಟ್ಟಕ್ಕೆ ಅದು ಧಾರಾಳ ಸಾಕು.

"ಏರು ಶುರುವಾಗೋ ಮೊದಲೇ ಗೇರ್ ಇಳಿಸು. ಕಾಲಿಗೆ ಭಾರ ಬಿದ್ದ ಮೇಲೆ ಇಳಿಸಿದರೆ ಚೈನು ಮುನಿಸಿಕೊಳ್ಳುತ್ತೆ" ಅಂದೆ. ಮೊದಲನೇ ತಿರುವಿನಲ್ಲೇ ಅವಳಿಗೆ ಅದರ ಅರ್ಥ ಗೊತ್ತಾಯಿತು. ಪೆಡಲ್ ಮೇಲೆ ಪೂರ್ತಿ ಬಲ ಹಾಕಿಕೊಂಡೇ ಲಿವರ್ ಒತ್ತಿದಳು. ಕಟಕ್ ಅಂತ ಸದ್ದು, ಚೈನು ದೊಡ್ಡ ಪ್ಲೇಟಿನ ಹಲ್ಲಿಗೆ ಒರಗಿ ಕರಕರ ಅಂತ ಸುತ್ತಿತು, ಕೂರಲಿಲ್ಲ. ಅರ್ಧ ಸುತ್ತು ಕಾಲು ಸಡಿಲ ಬಿಡು ಅಂತ ಕೂಗಿ ಹೇಳಿದೆ. ಬಿಟ್ಟಳು. ಚೈನು ಸುಮ್ನೆ ಜಾರಿ ಒಳಗಿನ ಚಿಕ್ಕ ಪ್ಲೇಟಿಗೆ ಬಿತ್ತು. ಆಮೇಲೆ ಮೇಲೆ ಮುಟ್ಟುವವರೆಗೂ ಒಂದು ಸಲವೂ ಆ ಸದ್ದು ಬರಲಿಲ್ಲ.

ಮೊದಲ ಒಂದೂವರೆ ಕಿಲೋಮೀಟರ್ ಬಹಳ ಜನ ಸೋಲುವ ಜಾಗ. ಕಾಲು ಹೊಸದಾಗಿರುತ್ತದೆ, ಹುಮ್ಮಸ್ಸು ಇರುತ್ತದೆ, ಬಯಲಿನ ವೇಗದಲ್ಲೇ ನುಗ್ಗುತ್ತಾರೆ. ಆಮೇಲೆ ಎದೆ ಬಡಿದುಕೊಂಡು, ಗೋಡೆಕಟ್ಟೆ ಹಿಡಿದು ನಿಲ್ಲುತ್ತಾರೆ. ನಾನು ಅವಳಿಗೆ ಕೊಟ್ಟ ಅಳತೆ ಒಂದೇ: ಮಾತಾಡೋಕೆ ಆಗ್ತಿರಬೇಕು. ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ ವೇಗ ಜಾಸ್ತಿಯಾಗಿದೆ ಅಂತ ಅರ್ಥ. ಹಾಗಾಗಿ ಕಾಲೇಜು, ಹಾಸ್ಟೆಲ್ಲು, ಲ್ಯಾಬು ಅಂತ ಮಾತಾಡಿಸಿಕೊಂಡೇ ಹತ್ತಿಸಿದೆ. ಅವಳು ಮೌನವಾದಾಗಲೆಲ್ಲ ನಾನು ನಿಧಾನ ಮಾಡಿದೆ. ಕಾರಿನಲ್ಲಿ ಹೋಗುವವರೊಬ್ಬರು ಕಿಟಕಿ ಇಳಿಸಿ ಹೆಬ್ಬೆರಳು ತೋರಿಸಿದರು. ಅವಳು ನಕ್ಕು ಬೆನ್ನು ನೆಟ್ಟಗೆ ಮಾಡಿದಳು.

ಆಗಾಗ ಮರಗಳ ನಡುವೆ ಊರು ಕಾಣುತ್ತದೆ. ಮೊದಲು ಲಲಿತ ಮಹಲ್‌ನ ಬಿಳಿ ಗುಮ್ಮಟ, ಇನ್ನೂ ಮೇಲೆ ಹೋದರೆ ರೇಸ್ ಕೋರ್ಸಿನ ದುಂಡು, ಅದರಾಚೆ ಅರಮನೆ. ಎಷ್ಟು ಏರಿದ್ದೇವೆ ಅಂತ ಕಾಲಿಗಿಂತ ಕಣ್ಣೇ ಚೆನ್ನಾಗಿ ಹೇಳುತ್ತದೆ.

ಸುಮಾರು 40 ನಿಮಿಷಕ್ಕೆ ಮಹಿಷಾಸುರನ ಮುಂದೆ ಇದ್ದೆವು. ಅವಳು ಸೈಕಲ್ ನಿಲ್ಲಿಸಿ, "ಇಷ್ಟೇನಾ?" ಅಂದಳು. ಕಣ್ಣಲ್ಲಿ ನೀರಿತ್ತು. ನನಗೂ ಗಂಟಲು ಕಟ್ಟಿತು.

ಆ "ಇಷ್ಟೇನಾ" ಎಷ್ಟು ಅಂತ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದೆವು. ಅವಳು ಫಿಸಿಕ್ಸ್ ಓದಿದವಳು. ಮೈ, ಸೈಕಲ್, ನೀರಿನ ಬಾಟಲಿ ಸೇರಿ 75 ಕಿಲೋ ಅಂತ ಇಟ್ಟುಕೊಂಡರೆ, ಅದನ್ನು 300 ಮೀಟರ್ ಎತ್ತಲು ಸುಮಾರು 2,20,000 ಜೂಲ್ ಬೇಕು. 40 ನಿಮಿಷದಲ್ಲಿ ಅಂದರೆ 90 ವಾಟ್‌ನ ಹತ್ತಿರ. ಟೈರು ಉರುಳುವುದಕ್ಕೆ ಇನ್ನೊಂದು ಹತ್ತು. ಒಟ್ಟು 100 ವಾಟ್. ಮನೆಯ ಸೀಲಿಂಗ್ ಫ್ಯಾನ್ ತಿರುಗುವುದಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಈ 100 ಎಂಬ ಸಂಖ್ಯೆಯನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತೆ ಅಂತ ಹೇಳಿದೆ.

ಮೆಟ್ಟಿಲ ದಾರಿ ಮುಗಿಯುವ ಕಡೆ ಹೋಗಿ ಸ್ವಲ್ಪ ಹೊತ್ತು ನಿಂತೆವು. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲಕ್ಕೆ ಆದ ಮೆಟ್ಟಿಲುಗಳು ಇವು, ಸಾವಿರದೆಂಟು ಅನ್ನುವುದು ವಾಡಿಕೆ. ಹೆಂಗಸೊಬ್ಬರು ಬಗ್ಗಿ ಬಗ್ಗಿ ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಬಂದರು. ಬೆರಳ ತುದಿ ಹಳದಿ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು, ಹಣೆಯ ಬೆವರು ಮೂಗಿನ ತುದಿಗೆ ಇಳಿದಿತ್ತು. ಬುಡದಿಂದ ಹಾಗೇ ಬಂದಿದ್ದಾರಂತೆ. ಆಕೆಯೂ ಹತ್ತಿದ್ದು ಅದೇ 300 ಮೀಟರ್. ನಾವು ಕೈ ಮುಗಿದೆವು.

ಇಳಿಯುವಾಗ ಎಚ್ಚರ ಬೇಕು. ಬ್ರೇಕನ್ನು ಒಂದೇ ಸಮನೆ ಹಿಡಿದಿಟ್ಟರೆ ರಿಮ್ಮು ಕಾಯುತ್ತದೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು. ತಿರುವಿಗೆ ಮೊದಲೇ ವೇಗ ಕಡಿಮೆ ಮಾಡಬೇಕು, ತಿರುವಿನೊಳಗೆ ಬ್ರೇಕ್ ಹಾಕಬಾರದು. ಕೋತಿಗಳು ಯಾವ ಕ್ಷಣದಲ್ಲಾದರೂ ಅಡ್ಡ ಬರುತ್ತವೆ. 40 ನಿಮಿಷ ಹತ್ತಿದ್ದು ಕಾಲು ಗಂಟೆಯಲ್ಲಿ ಮುಗಿಯಿತು.

ಶುಕ್ರವಾರ: ಗಾಳಿ ಬೆನ್ನಿಗೆ

ಇವತ್ತು ಮೈಸೂರಿನಿಂದ ಮಂಡ್ಯ. ಸುಮಾರು 45 ಕಿಲೋಮೀಟರ್, ಕರಿಘಟ್ಟಕ್ಕೆ ಹೋಗಿ ಬಂದರೆ ಇನ್ನಷ್ಟು. ಹೊಸ ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಸೈಕಲ್ ಯಾವುದನ್ನೂ ಬಿಡುವುದಿಲ್ಲ. ನಮಗೆ ಸರ್ವಿಸ್ ರಸ್ತೆಯೇ ಗತಿ. ಎದುರಿನಿಂದ ರಾಂಗ್ ಸೈಡಿನಲ್ಲಿ ಬರುವ ಬೈಕುಗಳು, ಮರಳು, ಅಲ್ಲಲ್ಲಿ ಕಿತ್ತುಹೋದ ಡಾಂಬರು. ಸೈಕಲ್ಲಿನವರಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗಬೇಕು, ಈ ಮಾತನ್ನು ನಾನು ಹೇಳುತ್ತಲೇ ಇರುತ್ತೇನೆ.

ಶ್ರೀರಂಗಪಟ್ಟಣ ಮೈಸೂರಿಗಿಂತ ಸುಮಾರು 80 ಮೀಟರ್ ಕೆಳಗಿದೆ. ಹೋಗುವಾಗ ಅದು ಗೊತ್ತೇ ಆಗುವುದಿಲ್ಲ. ಮೇಲಾಗಿ ಗಾಳಿ ಬೆನ್ನಿಗೆ. ಕಾವೇರಿ ದಾಟುವಾಗ ಸೈಕಲ್ಲಿನ ವೇಗದ ಮೀಟರ್ 25 ತೋರಿಸುತ್ತಿತ್ತು, ಅವಳು ಹಾಡಿಕೊಂಡು ಹೋಗುತ್ತಿದ್ದಳು. "ಫ್ಲಾಟ್ ಅಂದ್ರೆ ಇದಪ್ಪ" ಅಂತ ಹಿಂದೆ ತಿರುಗಿ ಕೂಗಿದಳು. ನಾನು ಉತ್ತರ ಕೊಡಲಿಲ್ಲ. ಭಾನುವಾರ ಇದೆಯಲ್ಲ.

ಪಟ್ಟಣ ದಾಟಿ ಕರಿಘಟ್ಟ. ಶ್ರೀನಿವಾಸನ ಗುಡಿ ಇರುವ ಬೆಟ್ಟ. ಚಾಮುಂಡಿಯ ಮುಂದೆ ಚಿಕ್ಕದು, ಆದರೆ ರಸ್ತೆ ಕಡಿದು. ಕೊನೆಯ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಮೇಲೇಳುವ ಹಾಗಾಗುತ್ತದೆ. ಅಲ್ಲಿ ಸೀಟಿನ ಮೂತಿಗೆ ಜರುಗಿ, ಮೊಣಕೈ ಮಡಿಸಿ, ಎದೆಯನ್ನು ಹ್ಯಾಂಡಲ್ ಕಡೆ ಇಳಿಸಬೇಕು. ಅವಳು ಅರ್ಧ ಏರಿ ಇಳಿದಳು, ತಳ್ಳಿಕೊಂಡು ಬಂದಳು. ತಳ್ಳುವುದು ಸೋಲು ಅಂತ ನಾನು ಒಪ್ಪುವುದಿಲ್ಲ. ಕಡಿದಾದ ಕಡೆ ನಾಲ್ಕೈದು ಕಿಲೋಮೀಟರ್ ವೇಗದಲ್ಲಿ ತೂರಾಡಿಕೊಂಡು ತುಳಿಯುವುದಕ್ಕಿಂತ ನಡೆಯುವುದೇ ಎಷ್ಟೋ ಸಲ ಸರಿ. ಬಾಲ ಸುತ್ತಿದ ಹಾವಿನ ಹಾಗೆ ರಸ್ತೆಯ ಆ ಅಂಚಿನಿಂದ ಈ ಅಂಚಿಗೆ ಹೊರಳಿಸಿಕೊಂಡು ಹತ್ತುವ ಹುಡುಗರನ್ನೂ ನೋಡಿದ್ದೇನೆ. ಏರು ಕಡಿಮೆಯಾಗುವುದು ನಿಜ, ಆದರೆ ಹಿಂದಿನಿಂದ ವಾಹನ ಬರುವ ರಸ್ತೆಯಲ್ಲಿ ಅದು ಬೇಡವೇ ಬೇಡ.

ಮೇಲಿನಿಂದ ಲೋಕಪಾವನಿ ಬಂದು ಕಾವೇರಿಗೆ ಸೇರುವ ಕಡೆ ಕಾಣುತ್ತದೆ. ಅದರಾಚೆ ಹಸಿರು. ಈ ಹಸಿರಿಗೂ ನಮ್ಮ ಸವಾರಿಗೂ ಒಂದು ಸಂಬಂಧ ಇದೆ. ಮಂಡ್ಯ ಅಂದರೆ ಎಲ್ಲರೂ ಕಬ್ಬು, ಭತ್ತ, ಬಯಲು ಅಂದುಕೊಳ್ಳುತ್ತಾರೆ. ನೆಲ ಅಷ್ಟೇನೂ ಸಪಾಟಾಗಿಲ್ಲ. ದಿಬ್ಬ, ತಗ್ಗು, ದಿಬ್ಬ. ನಿಜವಾಗಿ ಸಪಾಟಾಗಿರುವುದು ವಿಶ್ವೇಶ್ವರಯ್ಯ ನಾಲೆ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಅಲ್ಲಿಂದ ಹೊರಟ ನೀರನ್ನು ಈ ದಿಬ್ಬಗಳ ನಡುವೆ ಹರಿಸಬೇಕು. ನೀರು ಏರು ಹತ್ತುವುದಿಲ್ಲ, ಅಲ್ವಾ? ಅದಕ್ಕೇ ನಾಲೆ ನೆಲದ ಮಟ್ಟವನ್ನೇ ಹಿಡಿದುಕೊಂಡು ಸುತ್ತಿ ಸುತ್ತಿ ಹೋಗುತ್ತದೆ. ಸುತ್ತಿದರೂ ತಪ್ಪಿಸಲಾಗದ ಕಡೆ ಗುಡ್ಡವನ್ನೇ ಕೊರೆದರು. ಹುಲಿಕೆರೆಯ ಸುರಂಗ ಹಾಗೆ ಆದದ್ದು. ಏರು ಬೇಡ ಅಂದರೆ ಒಂದೋ ದೂರ ಸುತ್ತಬೇಕು, ಇಲ್ಲವೇ ಬೆಟ್ಟ ಕೊರೆಯಬೇಕು. ರಸ್ತೆ ಮಾಡುವವರಿಗೂ, ನಾಲೆ ತೆಗೆಯುವವರಿಗೂ, ಸೈಕಲ್ ತುಳಿಯುವವರಿಗೂ ಇದು ಒಂದೇ ಲೆಕ್ಕ.

ಹಾಗಾಗಿ ಹೊಸಬರು ಏರಿಲ್ಲದ ದಾರಿ ಕೇಳಿದರೆ ನಾಲೆ ಬದಿಯ ದಾರಿಗಳನ್ನೇ ಹೇಳುತ್ತೇನೆ. ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳುತ್ತೇನೆ. ಬಹಳ ಕಡೆ ತಡೆಗೋಡೆ ಇಲ್ಲ, ನೀರಿಗೆ ಸೆಳೆತ ಇದೆ. 2018ರ ನವೆಂಬರಿನಲ್ಲಿ ಕನಗನಮರಡಿ ಬಳಿ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಹೋದರು. ನಾಲೆ ಏರಿಯ ಮೇಲೆ ಅಂಚಿಗೆ ಹೋಗಬಾರದು, ಕತ್ತಲಾದ ಮೇಲೆ ಹೋಗಲೇಬಾರದು.

ಮಂಡ್ಯ ಮುಟ್ಟುವ ಮೊದಲು ಆಲೆಮನೆಯೊಂದರ ಹತ್ತಿರ ನಿಂತೆವು. ಬಿಸಿ ಬೆಲ್ಲದ ವಾಸನೆ ದೂರದಿಂದಲೇ ಎಳೆದಿತ್ತು. ಕೊಪ್ಪರಿಗೆಯ ಮುಂದೆ ನಿಂತಿದ್ದವರು ಒಂದು ಚೂರು ಹಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿ ಕೊಟ್ಟರು. ದುಡ್ಡು ಬೇಡ ಅಂದರು.

ಶನಿವಾರ: ಮೇಲುಕೋಟೆ

ಮಂಡ್ಯದಿಂದ ದುದ್ದ, ಜಕ್ಕನಹಳ್ಳಿ, ಅಲ್ಲಿಂದ ಮೇಲುಕೋಟೆ. ಬೆಳಗ್ಗೆ ಇಡ್ಲಿ ತಿಂದು ಹೊರಟೆವು. ದುದ್ದದವರೆಗೆ ಹೇಳಿಕೊಳ್ಳುವಂಥದ್ದು ಏನಿಲ್ಲ, ರಾಗಿ ಬಿತ್ತನೆಗೆ ನೆಲ ಹದ ಮಾಡಿದ್ದರು, ಮೋಡ ಮುಚ್ಚಿತ್ತು. ಗಾಳಿ ಎಡಗಡೆಯಿಂದ ಬೀಸುತ್ತಿತ್ತು.

ಜಕ್ಕನಹಳ್ಳಿ ಕ್ರಾಸಿನಿಂದ ಏರು ಶುರು. ಚಾಮುಂಡಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಚಾಮುಂಡಿಯನ್ನು ಬರಿಗೈಯಲ್ಲಿ, ತಾಜಾ ಕಾಲಲ್ಲಿ ಹತ್ತಿದ್ದೆವು. ಇಲ್ಲಿಗೆ ಬರುವಷ್ಟರಲ್ಲಿ ಕಾಲು ಆಗಲೇ ಎರಡು ಮೂರು ಗಂಟೆ ಕೆಲಸ ಮಾಡಿತ್ತು, ಹಿಂದೆ ಕ್ಯಾರಿಯರ್ ಮೇಲೆ ಬಟ್ಟೆಬರೆಯ ಚೀಲ ಇತ್ತು. ಬಯಲಿನಲ್ಲಿ ಆ ಆರು ಕಿಲೋ ಇದೆ ಅಂತಲೇ ಗೊತ್ತಾಗಿರಲಿಲ್ಲ. ಏರಿನಲ್ಲಿ ಒಂದೊಂದು ಕಿಲೋವನ್ನೂ ಮೇಲೆತ್ತಬೇಕು. ಚೀಲ ಕಟ್ಟುವಾಗ ಎರಡನೇ ಜೊತೆ ಬೂಟು ಬೇಡ ಅಂತ ನಾನು ಹಟ ಹಿಡಿದದ್ದು ಯಾಕೆ ಅಂತ ಅವಳಿಗೆ ಈಗ ತಿಳಿಯಿತು. ದುಬಾರಿ ಸೈಕಲ್ಲಿನಲ್ಲಿ ಒಂದು ಕಿಲೋ ಉಳಿಸಲು ಸಾವಿರಾರು ರೂಪಾಯಿ ಸುರಿಯುವವರಿದ್ದಾರೆ. ಚೀಲದಲ್ಲಿ ಅದನ್ನು ಪುಕ್ಕಟೆ ಉಳಿಸಬಹುದು.

ಅರ್ಧ ದಾರಿಯಲ್ಲಿ ಒಬ್ಬ ಅಜ್ಜ ಸಿಕ್ಕರು. ಹಳೇ ಸೈಕಲ್, ಹಿಂದೆ ಒಂದು ಹೊರೆ ಹಸಿ ಹುಲ್ಲು. ಬಲಗೈ ಸೀಟಿನ ಮೂತಿಯ ಮೇಲೆ, ಎಡಗೈ ಹ್ಯಾಂಡಲ್ ಮೇಲೆ, ಮೈ ಸ್ವಲ್ಪ ಮುಂದಕ್ಕೆ ಬಾಗಿಸಿ ತಳ್ಳುತ್ತಿದ್ದರು. ಇಪ್ಪತ್ತು ಮೂವತ್ತು ಹೆಜ್ಜೆ ಹೋದಮೇಲೆ ಚಕ್ರದ ಹಿಂದೆ ಒಂದು ಕಲ್ಲು ಕಾಲಲ್ಲೇ ಸರಿಸಿ ಇಟ್ಟು ನಿಲ್ಲುತ್ತಿದ್ದರು. ಆ ಕಲ್ಲು ಅಲ್ಲೇ ಇರುವುದಂತೆ, ದಿನಾ ಅದೇ ಜಾಗ, ಅದೇ ಕಲ್ಲು. ಗೇರ್ ಇಲ್ಲದವರು ಬೆಟ್ಟದ ಜೊತೆ ಬದುಕಲು ಕಂಡುಕೊಂಡ ಉಪಾಯ ಇದು. ಸ್ವಲ್ಪ ದೂರ ನಾನೂ ಹಿಂದಿನಿಂದ ಹೊರೆ ತಳ್ಳಿದೆ. "ನೀವು ಹೋಗಿ, ನಂದು ನಿಧಾನ" ಅಂದರು.

ಮೇಲುಕೋಟೆಗೆ ರಾಮಾನುಜಾಚಾರ್ಯರು 12ನೇ ಶತಮಾನದಲ್ಲಿ ಬಂದು ನೆಲೆಸಿದ್ದರು. ವೈರಮುಡಿಗೆ ಲಕ್ಷಾಂತರ ಜನ ಸೇರುವ ಊರು, ಆಷಾಢದಲ್ಲಿ ಶಾಂತ. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ತಿಂದೆವು. ಬಾಯಿಗೆ ಹುಣಸೆಯ ಹುಳಿ, ಮೆಣಸಿನ ಖಾರ, ಎಣ್ಣೆ. ಏರು ಹತ್ತಿದ ಮೈಗೆ ಉಪ್ಪು, ಅನ್ನ ಎರಡೂ ಬೇಕು. ಇದಕ್ಕಿಂತ ಒಳ್ಳೆಯ ಊಟ ಸೈಕಲ್ಲಿನವರಿಗೆ ಸಿಗಲಾರದು ಅಂತ ನನ್ನ ನಂಬಿಕೆ. ಸಂಜೆ ಯೋಗನರಸಿಂಹನ ಬೆಟ್ಟವನ್ನು ಕಾಲಲ್ಲಿ ಹತ್ತಿದೆವು. ಮೆಟ್ಟಿಲಿನಲ್ಲಿ ಅವಳ ಮೀನಖಂಡ ಹಿಡಿದುಕೊಂಡಿತು. ಎರಡು ಸಲ ಕೂತು ನೀವಿಕೊಂಡಳು, ಆದರೂ ಮೇಲೆ ಹೋಗಿಯೇ ಬಂದಳು.

ಭಾನುವಾರ: ಎದುರುಗಾಳಿ

ಬೆಳಗ್ಗೆ ಇಳಿಜಾರು. ಜಕ್ಕನಹಳ್ಳಿವರೆಗೆ ಪೆಡಲ್ ಮುಟ್ಟಿದ್ದೇ ಕಡಿಮೆ. ಅಲ್ಲಿಂದ ತೊಣ್ಣೂರು ಕೆರೆ. ಹೊಯ್ಸಳರ ಕಾಲದ ನಂಬಿನಾರಾಯಣ ಗುಡಿ ನೋಡಿ, ಕೆರೆ ಏರಿಯ ಮೇಲೆ ಸ್ವಲ್ಪ ಹೊತ್ತು ಕೂತೆವು. ನೀರಿನ ಮೇಲೆ ಅಲೆ ಎದ್ದು ಏರಿಗೆ ಬಡಿಯುತ್ತಿತ್ತು. ಗಾಳಿ ಎಷ್ಟಿದೆ ಅಂತ ತಿಳಿಯಲು ಬೇರೆ ಏನೂ ಬೇಡ. ಪಾಂಡವಪುರದ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಪಕ್ಕದ ಮೇಜಿನಲ್ಲಿ ಈ ಕಾಲದ ಮಾಮೂಲಿ ಮಾತು ನಡೆದಿತ್ತು: ಕನ್ನಂಬಾಡಿ ಕಟ್ಟೇಲಿ ಎಷ್ಟು ಅಡಿ ಬಂತು? 124.80 ಅಡಿ ಆದರೆ ತುಂಬಿದ ಹಾಗೆ. ಕೊಡಗಿನಲ್ಲಿ ಮಳೆ, ಇಲ್ಲಿ ಗಾಳಿ.

ಪಾಂಡವಪುರ ಬಿಟ್ಟ ಮೇಲೆ ನಿಜವಾದ ಕೆಲಸ ಶುರುವಾಯಿತು. ಶ್ರೀರಂಗಪಟ್ಟಣದವರೆಗೆ ಗಾಳಿ ಓರೆಯಾಗಿ ಮುಂದಿನಿಂದ. ಅಲ್ಲಿಂದ ಹೆದ್ದಾರಿಯ ಗಲಾಟೆ ಬೇಡ ಅಂತ ಪಾಲಹಳ್ಳಿ, ಬೆಳಗೊಳದ ಕಡೆಯ ದಾರಿ ಹಿಡಿದೆವು. ರಂಗನತಿಟ್ಟಿನ ತಿರುವು ದಾಟಿದ್ದೇ ತಡ, ಗಾಳಿ ಪೂರ್ತಿ ಮುಖಕ್ಕೆ. ರಸ್ತೆ ನೋಡಿದರೆ ಸಪಾಟು. ಎರಡೂ ಕಡೆ ಗದ್ದೆ, ತೆಂಗು. ಗಾಳಿಯನ್ನು ತಡೆಯಲು ಒಂದು ಗೋಡೆ ಇಲ್ಲ. ಶುಕ್ರವಾರ 25 ತೋರಿಸಿದ್ದ ಮೀಟರು ಈಗ 15, 14, ಮತ್ತೆ 15.

"ಬ್ರೇಕ್ ಹಿಡ್ಕೊಂಡಿದ್ಯಾ ನೋಡಿ ಚಿಕ್ಕಮ್ಮ" ಅಂತ ಅವಳು ಇಳಿದು ಚಕ್ರ ತಿರುಗಿಸಿ ನೋಡಿದಳು. ಚಕ್ರ ಸಲೀಸಾಗಿ ತಿರುಗುತ್ತಿತ್ತು. ಆಗ ಗುರುವಾರದ ಸಂಖ್ಯೆಯನ್ನು ಹೊರಗೆ ತೆಗೆದೆ. ಗಾಳಿಯೇ ಇಲ್ಲದ ದಿನ ಇಂಥ ಸೈಕಲ್ಲಿನಲ್ಲಿ ಗಂಟೆಗೆ 15 ಕಿಲೋಮೀಟರ್ ಹೋಗಲು ಸುಮಾರು 40 ವಾಟ್ ಸಾಕು. ಮುಂದಿನಿಂದ 15 ಕಿಲೋಮೀಟರ್ ವೇಗದ ಗಾಳಿ ಇದ್ದರೆ ಮೈಗೆ ತಗಲುವ ಗಾಳಿ 30. ಗಾಳಿಯ ವೇಗ ಎರಡರಷ್ಟಾದರೆ ಅದರ ತಡೆ ನಾಲ್ಕರಷ್ಟಾಗುತ್ತದೆ. ಲೆಕ್ಕ ಹಾಕಿದರೆ 100 ವಾಟ್‌ನ ಹತ್ತಿರ ಬರುತ್ತದೆ. ಚಾಮುಂಡಿ ಹತ್ತಿದ್ದೂ ಅಷ್ಟೇ. ಶುಕ್ರವಾರ ಬೆನ್ನಿಗೆ ಗಾಳಿ ಇದ್ದಾಗ 25ರ ವೇಗಕ್ಕೆ 50 ವಾಟ್ ಕೂಡ ಬೇಕಾಗಿರಲಿಲ್ಲ. ಒಂದೇ ಸಪಾಟು, ಒಂದೇ ಕಾಲು. ಅವಳು ರಸ್ತೆಬದಿಯ ಮೈಲಿಗಲ್ಲಿನ ಮೇಲೆ ಕೂತು ಮೊಬೈಲಿನಲ್ಲಿ ಮತ್ತೊಂದು ಸಲ ಗುಣಿಸಿ ನೋಡಿದಳು.

ಚಾಮುಂಡಿ 40 ನಿಮಿಷಕ್ಕೆ ಮುಗಿಯುತ್ತದೆ. ತುದಿ ಇದೆ, ತುದಿಯಲ್ಲಿ ಗೋಪುರ ಕಾಣುತ್ತದೆ, ಆಮೇಲೆ ಇಳಿಜಾರು ಇದೆ. ಎದುರುಗಾಳಿಗೆ ತುದಿ ಇಲ್ಲ. ಎಷ್ಟು ತುಳಿದರೂ ಮೇಲೆ ಬಂದೆವು ಅಂತ ತೋರಿಸುವ ಅರಮನೆ ಗುಮ್ಮಟ ಇಲ್ಲ. ಇಳಿಜಾರಿನ ಬಹುಮಾನವೂ ಇಲ್ಲ. ಪೆಡಲ್ ನಿಲ್ಲಿಸಿದರೆ ನಾಲ್ಕು ಮಾರಿಗೆ ಸೈಕಲ್ಲೂ ನಿಲ್ಲುತ್ತದೆ. ಏರಿನಲ್ಲಿ ನಾವು ಸೀಟಿನಿಂದ ಎದ್ದು ನಿಲ್ಲುತ್ತೇವೆ, ಹಿಡಿತ ಬದಲಿಸುತ್ತೇವೆ, ಮೈ ಅಲುಗಾಡುತ್ತದೆ. ಬಯಲಲ್ಲಿ ಗಂಟೆಗಟ್ಟಲೆ ಒಂದೇ ಭಂಗಿ. ಕೂತ ಜಾಗ ಉರಿಯುತ್ತದೆ. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಅಂಗೈಯ ಅಂಚಿನಲ್ಲಿ ಹೋಗುವ ನರ ಹ್ಯಾಂಡಲ್ಲಿಗೆ ಒತ್ತಿಕೊಂಡು ಹಾಗಾಗುವುದು. ಹದಿನೈದು ನಿಮಿಷಕ್ಕೊಮ್ಮೆ ಕೈ ಒದರಬೇಕು, ಒಂದೆರಡು ನಿಮಿಷ ಎದ್ದು ನಿಂತು ತುಳಿಯಬೇಕು. ಇದನ್ನು ಬೆಟ್ಟ ಕಲಿಸುವುದಿಲ್ಲ.

ಆದರೆ ಬಯಲಿಗೆ ಒಂದು ದೊಡ್ಡ ಗುಣ ಇದೆ, ಅದು ಬೆಟ್ಟಕ್ಕೆ ಇಲ್ಲ. ಬೆಟ್ಟದಲ್ಲಿ ಅವರವರ ಭಾರ ಅವರವರದ್ದು. ಎಂಟು ಕಿಲೋಮೀಟರ್ ವೇಗದಲ್ಲಿ ಮುಂದಿನವರ ಹಿಂದೆ ಅಡಗಿಕೊಂಡು ಏನೂ ಉಳಿಯುವುದಿಲ್ಲ. ಗಾಳಿಯ ಭಾರವನ್ನು ಮಾತ್ರ ಹಂಚಿಕೊಳ್ಳಬಹುದು. ಮುಂದಿನ ಸೈಕಲ್ಲಿನ ಹಿಂದೆ ಹತ್ತಿರವಾಗಿ ಹೋದರೆ ಹಿಂದಿನವರಿಗೆ ಹೊರೆ ಕಾಲು ಭಾಗದಷ್ಟು ಇಳಿಯುತ್ತದೆ. "ನನ್ನ ಹಿಂದಿನ ಚಕ್ರದಿಂದ ಒಂದು ಮಾರು ಬಿಟ್ಟು ಬಾ, ಚಕ್ರ ನೋಡಬೇಡ, ನನ್ನ ಬೆನ್ನು ನೋಡು. ಗುಂಡಿ ಇದ್ದರೆ ಕೈ ತೋರಿಸ್ತೀನಿ" ಅಂತ ಹೇಳಿಕೊಟ್ಟೆ. ಒಂದು ಕಿಲೋಮೀಟರ್ ನಾನು ಮುಂದೆ, ಇನ್ನೊಂದು ಕಿಲೋಮೀಟರ್ ಅವಳು ಮುಂದೆ. ಅವಳು ಮುಂದೆ ಬಂದಾಗ ಮೊದಲು ವೇಗ ಏರಿಸಿದಳು, ನಾನು ಹಿಂದೆ ಉಳಿದೆ. ನಿಧಾನ ಅಂತ ಕೂಗಿದ ಮೇಲೆ ಸಮವಾಯಿತು. ಬೆಳಗೊಳ ದಾಟುವ ಹೊತ್ತಿಗೆ ಮಾತೇ ಬೇಕಾಗಲಿಲ್ಲ. ಅವಳ ಮೊಣಕೈ ಸ್ವಲ್ಪ ಆಡಿದರೆ ಸಾಕು, ನಾನು ಮುಂದೆ ಹೋಗುತ್ತಿದ್ದೆ. ಅವಳ ಜಾಕೆಟ್ಟು ಗಾಳಿಗೆ ಉಬ್ಬಿ ಪಟಪಟ ಬಡಿಯುತ್ತಿತ್ತು, ನಿಂತು ಅದರ ಜಿಪ್ ಕತ್ತಿನವರೆಗೆ ಎಳೆಸಿದೆ. ಅಷ್ಟರಿಂದಲೂ ವ್ಯತ್ಯಾಸ ಗೊತ್ತಾಗುತ್ತದೆ. ಬೆಟ್ಟದಲ್ಲಿ ತೂಕ ನೋಡಬೇಕು, ಗಾಳಿಯಲ್ಲಿ ಅಗಲ ನೋಡಬೇಕು.

ಕೊನೆಗೆ, ಶುಕ್ರವಾರ ನಮಗೆ ಗೊತ್ತೇ ಆಗದೆ ಇಳಿದಿದ್ದ ಆ 80 ಮೀಟರ್ ಇತ್ತು. ನದಿಯಿಂದ ಮೈಸೂರಿನವರೆಗೆ ಅದು ಕಣ್ಣಿಗೆ ಕಾಣದ ಹಾಗೆ ಏರುತ್ತ ಹೋಗುತ್ತದೆ. ಇಂಥ ಏರಿನಲ್ಲಿ ಜನ ಗೇರ್ ಇಳಿಸುವುದಿಲ್ಲ, ಯಾಕೆಂದರೆ ಏರು ಇದೆ ಅಂತಲೇ ಅನ್ನಿಸುವುದಿಲ್ಲ. ಅವಳು ಮಾತ್ರ ನಾನು ಹೇಳುವ ಮೊದಲೇ ಕಾಲು ಸಡಿಲ ಬಿಟ್ಟು ಲಿವರ್ ಒತ್ತಿದಳು. ಚೈನು ಸದ್ದಿಲ್ಲದೆ ಇಳಿಯಿತು. ನನಗೆ ಬಹಳ ಖುಷಿಯಾಯಿತು.

ಮೇಟಗಳ್ಳಿಯ ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದೆ, ಯಾವ ದಿನ ಕಷ್ಟ ಅನ್ನಿಸಿತು ಅಂತ. "ಇವತ್ತು" ಅಂದಳು, ಒಂದು ಕ್ಷಣವೂ ಯೋಚಿಸದೆ. ಭಯ? "ಅದು ಗುರುವಾರ. ಹತ್ತೋ ಮುಂಚೆ. ಹತ್ತುವಾಗ ಇರಲಿಲ್ಲ." ನನಗೆ ಇಂದಿಗೂ ಕರಿಘಟ್ಟದ ಆ ಕೊನೆಯ ಏರೇ ಕಷ್ಟ, ಅಲ್ಲಿ ನನ್ನ 28ಕ್ಕೆ 34 ಕೂಡ ಸಾಲದು ಅನ್ನಿಸುತ್ತದೆ. ಅದನ್ನೂ ಹೇಳಿದೆ.

ಮನೆಗೆ ಬಂದು ಚೈನು ಒರೆಸಿ ಎಣ್ಣೆ ಬಿಡುವಾಗ ಅವಳು ಮೊಬೈಲಿನಲ್ಲಿ ನಕ್ಷೆ ತೆಗೆದುಕೊಂಡು ಪಕ್ಕದಲ್ಲಿ ಕೂತಳು. ಚಾಮುಂಡಿಗೆ ಉತ್ತನಹಳ್ಳಿ ಕಡೆಯಿಂದಲೂ ರಸ್ತೆ ಇದೆ ಅಂತ ಕಂಡುಹಿಡಿದಿದ್ದಳು. ಆಷಾಢದ ಜನ ಕಡಿಮೆಯಾದ ಮೇಲೆ ಆ ಕಡೆಯಿಂದ ಹತ್ತಿ, ಲಲಿತ ಮಹಲ್ ಕಡೆ ಇಳಿಯೋಣ ಅಂತ ಮಾತಾಗಿದೆ. ಹಾಸ್ಟೆಲ್ಲಿನ ಇಬ್ಬರು ಗೆಳತಿಯರನ್ನೂ ಕರೆದುಕೊಂಡು ಬರುತ್ತಾಳಂತೆ. ಒಬ್ಬಳ ಸೈಕಲ್ಲಿಗೆ ಗೇರ್ ಇಲ್ಲ. ಅವಳಿಗೆ ನನ್ನದನ್ನು ಕೊಟ್ಟು ನಾನು ಮೆಟ್ಟಿಲು ಹತ್ತುತ್ತೇನೆ.